ಶಾಲು ಬಿಟ್ಟು ಪಾಠಕ್ಕೆ ಕೂತ ವರ್ಷ

ಭದ್ರಾವತಿಯ ಆ ಗಂಡ ಹೆಂಡತಿ ಶಿವಮೊಗ್ಗದ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ದೋಸೆ ಹುಯ್ಯುತ್ತಿದ್ದೆ. ಅವರಿಗೂ ಎರಡೆರಡು ಹಾಕಿಕೊಟ್ಟು, ಕೈ ಒರೆಸಿಕೊಂಡು ಎದುರಿಗೆ ಕೂತೆ. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ತಾತನ ಕಾಲದಲ್ಲಿ ಸೇಲಂ ಕಡೆಯಿಂದ ಬಂದು ಭದ್ರಾವತಿಯಲ್ಲಿ ನೆಲೆ ನಿಂತ ಕುಟುಂಬ. ಹೆಂಡತಿ ಕ್ವಾರ್ಟರ್ಸಿನಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದರು. ನಾನು ವಿಮೆ ಏಜೆಂಟ್, ಅವರ ಮಗಳ ಹೆಸರಿನಲ್ಲಿ ನಾನೇ ಒಂದು ಪಾಲಿಸಿ ಮಾಡಿಸಿದ್ದೆ. ಅಷ್ಟೇ ಪರಿಚಯ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಸ್ವಯಂ ನಿವೃತ್ತಿ ಎಂಬುದು ಆಗ ಭದ್ರಾವತಿಯಲ್ಲಿ ಮನೆಮನೆಯ ಮಾತಾಗಿತ್ತು. ಮೇಸ್ತ್ರಿಯೂ ಬರೆದುಕೊಟ್ಟಿದ್ದರು. ಬರಬೇಕಾದದ್ದೆಲ್ಲ ಬಂದಿತ್ತು. ಉಳಿದದ್ದು ತಿಂಗಳ ಪಿಂಚಣಿ ಒಂದೇ. ಅದು ಯಾವ ಬಗೆಯದಿರಬೇಕು ಎಂದು ಅವರೇ ಆರಿಸಿ ಟಿಕ್ ಹಾಕಿ ಕೊಡಬೇಕಿತ್ತು. ತಾನು ಬದುಕಿರುವವರೆಗೆ ಮಾತ್ರ ಬರುವಂಥದ್ದು ಒಂದು ಬಗೆ. ಅದರಲ್ಲಿ ತಿಂಗಳಿಗೆ ಎಲ್ಲಕ್ಕಿಂತ ಹೆಚ್ಚು. ತನ್ನ ನಂತರ ಮೂಲ ಗಂಟು ಮನೆಯವರಿಗೆ ವಾಪಸಾಗುವಂಥದ್ದು ಇನ್ನೊಂದು. ಅದರಲ್ಲಿ ಎಲ್ಲಕ್ಕಿಂತ ಕಮ್ಮಿ. ತನ್ನ ನಂತರ ಹೆಂಡತಿಗೂ ಅವಳಿರುವವರೆಗೆ ಬರುವಂಥದ್ದು ಮೂರನೆಯದು. ಅದು ಇವೆರಡರ ನಡುವೆ. ಒಮ್ಮೆ ಆರಿಸಿದರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ.

"ಯಾವ್ದಕ್ಕೆ ಹಾಕ್ಲಿ ಮೇಡಂ?" ಎಂದರು ಮೇಸ್ತ್ರಿ.

ಪಾಲಿಸಿ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ತಿಳಕೊಂಡು ಹೇಳ್ತೀನಿ, ಕೊನೇ ದಿನದವರೆಗೆ ತಡೀರಿ ಅಂದೆ. ಅವರು ತಲೆಯಾಡಿಸಿದರು. ಹೆಂಡತಿ ಮಾತ್ರ ಹೊರಡುವಾಗ ನನ್ನ ಮುಖ ನೋಡಿ, "ಮರೀಬೇಡಿ" ಎಂದರು.

ಮರುದಿನದಿಂದ ಸಿಕ್ಕಿದ ಏಜೆಂಟರನ್ನೆಲ್ಲ ಕೇಳಿದೆ. ಒಬ್ಬರು ಕಣ್ಣು ಮುಚ್ಚಿ ಮೊದಲನೆಯದು ಅಂದರು. ಇನ್ನೊಬ್ಬರು ಗಂಟು ವಾಪಸ್ ಬರೋದೇ ವಾಸಿ ಅಂದರು. ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಕಾರಣವಿರಲಿಲ್ಲ. ಆ ವರ್ಷ ನಮ್ಮಲ್ಲಿ ಅರ್ಧ ಜನ ವಿಸಿಟಿಂಗ್ ಕಾರ್ಡಿನಲ್ಲಿ 'ಏಜೆಂಟ್' ತೆಗೆಸಿ 'ಹಣಕಾಸು ಸಲಹೆಗಾರರು' ಎಂದು ಅಚ್ಚು ಹಾಕಿಸಿಕೊಂಡಿದ್ದೆವು. ಕಾರ್ಡು ಬದಲಾಗಿತ್ತು, ಓದಿಕೊಂಡದ್ದು ಅಷ್ಟೇ ಇತ್ತು.

ಶಿವಮೊಗ್ಗದ ನಮ್ಮ ಸಲಹೆಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಅಧ್ಯಕ್ಷರು ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಆಫೀಸು ಇಟ್ಟುಕೊಂಡಿದ್ದ ಹಿರಿಯರು. ಊರಿನ ಅರ್ಧ ಜನಕ್ಕೆ ಪಾಲಿಸಿ ಮಾಡಿಸಿದವರು. ಗಿರಾಕಿಗಳ ಪಾಲಿಸಿ ನಂಬರು ಮರೆತರೂ ಜನ್ಮನಕ್ಷತ್ರ ಮರೆಯುತ್ತಿರಲಿಲ್ಲ. ನನಗೆ ಈ ಕೆಲಸ ಕೈಹಿಡಿದು ಕಲಿಸಿದವರು ಅವರೇ. ನಮ್ಮ ಸಂಘದ ವಾರ್ಷಿಕ ಸಮ್ಮೇಳನ ಆಷಾಢದಲ್ಲಿ ನಡೆಯುತ್ತಿತ್ತು. ಕಾರಣ ಸರಳ. ಆಷಾಢದಲ್ಲಿ ಮದುವೆಯಿಲ್ಲ, ಕಲ್ಯಾಣ ಮಂಟಪ ಅಗ್ಗಕ್ಕೆ ಸಿಗುತ್ತದೆ. ಸಮ್ಮೇಳನ ಅಂದರೆ ಪ್ರಾರ್ಥನೆ, ಭಾಷಣ, ಶಾಲು, ಹಾರ, ಹೋಳಿಗೆ ಊಟ. ಒಂದು ಮ್ಯೂಚುಯಲ್ ಫಂಡ್ ಕಂಪನಿಯ ಮ್ಯಾನೇಜರ್ ಶಾಲು ಮತ್ತು ಊಟ ನೋಡಿಕೊಳ್ಳುತ್ತಿದ್ದ. ಬದಲಿಗೆ ಅವನ ಹೊಸ ಸ್ಕೀಮಿನ ಬಗ್ಗೆ ಒಂದು ಗಂಟೆ ಕೇಳಬೇಕಿತ್ತು.

ಅಧ್ಯಕ್ಷರ ಆಫೀಸಿನ ಮೆಟ್ಟಿಲು ಹತ್ತಿದೆ. "ಸರ್, ಈ ಸಲ ಎರಡು ದಿನ ಮಾಡೋಣ. ಮೊದಲನೇ ದಿನ ಪೂರ್ತಿ ಪಾಠ. ಪಿಂಚಣಿ ಬಗ್ಗೆ."

"ಪಾಠಾನಾ? ನಮ್ಮೋರಿಗಾ?" ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಾರಾಯ್ತಿ, ಅವರು ಊಟದ ಹೊತ್ತಿಗೆ ಬಂದು ಊಟ ಆದ್ಮೇಲೆ ಹೋಗೋರು."

"ಭದ್ರಾವತಿಯಿಂದ ದಿನಾ ಜನ ಬರ್ತಾ ಇದ್ದಾರೆ ಸರ್. ಏನು ಹೇಳ್ಲಿ ಅವರಿಗೆ?"

"ಜಾಸ್ತಿ ಬರೋದಕ್ಕೆ ಟಿಕ್ ಹಾಕಿ ಅನ್ನು."

"ಯಾಕೆ ಅಂತ ಕೇಳಿದ್ರೆ?"

ಅವರು ಪಕ್ಕದ ಹೋಟೆಲಿನಿಂದ ಎರಡು ಕಾಫಿ ತರಿಸಿ, "ಮೇಷ್ಟ್ರು ಯಾರು ಸಿಗ್ತಾರೆ ನೋಡು" ಎಂದರು. ಅಲ್ಲಿಗೆ ಒಪ್ಪಿಗೆಯಾಯಿತು. ಎರಡನೆಯ ದಿನ ಬೆಳಿಗ್ಗೆ ಸನ್ಮಾನ ಅಂತ ಇಟ್ಟುಕೊಂಡೆವು. ಆ ವರ್ಷ ಸನ್ಮಾನ ಆಗಬೇಕಿದ್ದದ್ದು ಅಧ್ಯಕ್ಷರಿಗೇ. ಅವರಿಗೆ ಹೇಳದೆ ಸದಸ್ಯರೆಲ್ಲ ಸೇರಿ ತೀರ್ಮಾನಿಸಿದ್ದೆವು. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಮೇಷ್ಟ್ರು ಸಿಕ್ಕಿದ್ದು ಬೆಂಗಳೂರಿನಲ್ಲಿ. ವಿಮಾ ಕಂಪನಿಯ ಪಿಂಚಣಿ ಲೆಕ್ಕ ಮಾಡುವ ವಿಭಾಗದಲ್ಲೇ ಇದ್ದು ನಿವೃತ್ತರಾದ ಅಧಿಕಾರಿ. ಪರಿಚಯದವರ ಮೂಲಕ ಫೋನು ಮಾಡಿದಾಗ, ಬಸ್ ಚಾರ್ಜು ಕೊಟ್ಟರೆ ಸಾಕು ಬರ್ತೀನಿ ಅಂದರು. ಒಂದು ಓವರ್‌ಹೆಡ್ ಪ್ರೊಜೆಕ್ಟರ್ ಬೇಕು ಅಂದರು. ಅದನ್ನು ಹುಡುಕಲು ಊರೆಲ್ಲ ಸುತ್ತಿ, ಕೊನೆಗೆ ಒಂದು ಕಾಲೇಜಿನಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಸಮ್ಮೇಳನದ ಮೊದಲ ದಿನ ಮಂಟಪ ತುಂಬಿತ್ತು. ತೀರ್ಥಹಳ್ಳಿ, ಸಾಗರ, ಶಿಕಾರಿಪುರದಿಂದಲೂ ಬಂದಿದ್ದರು. ಉಪ್ಪಿಟ್ಟು ಕೇಸರಿಬಾತ್ ಆಯಿತು. ಮೇಷ್ಟ್ರು ಪ್ಲಾಸ್ಟಿಕ್ ಹಾಳೆಗಳ ಕಟ್ಟು ಬಿಚ್ಚಿ ಪ್ರೊಜೆಕ್ಟರ್ ಮೇಲಿಟ್ಟರು. ಎಲ್ಲ ಇಂಗ್ಲಿಷು. ಎಲ್ಲ ಅಂಕಿ. ಓದಿದ್ದನ್ನೇ ಓದಿದರು. ಎರಡನೇ ಸಾಲಿನಲ್ಲಿ ಅಧ್ಯಕ್ಷರ ತಲೆ ಎದೆಗೆ ಬಿತ್ತು. ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಪ್ರೊಜೆಕ್ಟರ್ ಆರಿತು. ಮಂಟಪದ ಜನರೇಟರಿಗೆ ಡೀಸೆಲ್ ಹಾಕಿಸಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಊಟದ ಪಂಕ್ತಿಯಲ್ಲಿ ಯಾರೋ ಗಾಜನೂರಿನ ಮಾತೆತ್ತಿದರು. ಡ್ಯಾಮು ತುಂಬಿದೆಯಂತೆ, ಗೇಟು ಬಿಟ್ಟಿದ್ದಾರಂತೆ. ಸಾಗರದವರು ಒಂದು ವ್ಯಾನು ಮಾಡಿಕೊಂಡು ಬಂದಿದ್ದರು. ಆ ವ್ಯಾನಿನ ಹಿಂದೆ ಸ್ಕೂಟರುಗಳೂ ಹೊರಟವು. ನಾಳೆ ಬೆಳಿಗ್ಗೆ ಸಕ್ರೆಬೈಲಿಗೆ ಹೋಗಿ ಆನೆ ಸ್ನಾನ ನೋಡಿಕೊಂಡು ಬರೋಣವಾ ಅಂತ ಮಾತಾಡಿಕೊಂಡೇ ಹತ್ತಿದರು. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ನಿಜ ಹೇಳಬೇಕೆಂದರೆ ನನಗೂ ನೀರು ನೋಡುವ ಆಸೆ ಇತ್ತು.

ವಾಪಸ್ ಒಳಗೆ ಬಂದರೆ ಬೆರಳೆಣಿಕೆಯಷ್ಟು ಜನ ಉಳಿದಿದ್ದರು. ಮೇಷ್ಟ್ರು ಹಾಳೆಗಳನ್ನೆಲ್ಲ ಚೀಲಕ್ಕೆ ಹಾಕುತ್ತಿದ್ದರು. ಹೊರಡ್ತಾರೆ ಅಂತ ಗಾಬರಿಯಾಯಿತು. ಅವರು ಹೊರಡಲಿಲ್ಲ. ಶೂ ಬಿಚ್ಚಿಟ್ಟು, ಮದುವೆ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, "ನೀವು ಯಾಕೆ ಉಳಿದ್ರಿ?" ಎಂದು ಕೇಳಿದರು.

ನಾನೇ ಮೇಸ್ತ್ರಿಯ ಕಥೆ ಹೇಳಿದೆ. ಸೋಮವಾರ ಕೊನೇ ದಿನ, ಅವತ್ತಿನೊಳಗೆ ಟಿಕ್ ಹಾಕಬೇಕು, ಏನು ಹೇಳ್ಲಿ ಅಂದೆ.

"ಅವರಿಗೆ ವಯಸ್ಸೆಷ್ಟು?"

ಹೇಳಿದೆ.

"ಅವರ ಹೆಂಡತಿಗೆ?"

"ಸರಿಯಾಗಿ ಗೊತ್ತಿಲ್ಲ ಸರ್. ಅವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಿರಬಹುದು."

"ಹಾಗಾದ್ರೆ ನೀವು ಅರ್ಧ ಮನೇನೇ ನೋಡಿರೋದು" ಎಂದರು. ಬೈಯುವ ದನಿಯಲ್ಲ. ಡಾಕ್ಟರು ನಾಡಿ ಹಿಡಿದು ಮಾತಾಡುವ ಹಾಗೆ.

ಆಮೇಲೆ ಶುರುವಾದದ್ದು ನಿಜವಾದ ಪಾಠ. ಹಾಳೆಯಿಲ್ಲ, ಪ್ರೊಜೆಕ್ಟರ್ ಇಲ್ಲ. ಅಡುಗೆಯವರು ಸಾಮಾನು ಬರೆದಿದ್ದ ಕಪ್ಪು ಹಲಗೆಯನ್ನು ತರಿಸಿ, ಬೇಳೆ ಬೆಲ್ಲದ ಲೆಕ್ಕ ಒರೆಸಿ, ಅದರ ಮೇಲೆ ಎರಡು ಗೆರೆ ಎಳೆದರು. ಒಂದು ಗಂಡನ ಆಯಸ್ಸು, ಒಂದು ಹೆಂಡತಿಯ ಆಯಸ್ಸು. ಮೊದಲ ಬಗೆಯಲ್ಲಿ ಪಿಂಚಣಿ ಯಾವ ಗೆರೆಯ ಕೊನೆಗೆ ನಿಲ್ಲುತ್ತೆ, ಮೂರನೆಯದರಲ್ಲಿ ಎಲ್ಲಿಯವರೆಗೆ ಹೋಗುತ್ತೆ, ಹೆಂಡತಿ ಚಿಕ್ಕವಳಾದಷ್ಟೂ ತಿಂಗಳ ಹಣ ಯಾಕೆ ಇನ್ನಷ್ಟು ಇಳಿಯುತ್ತೆ, ಎಲ್ಲ ಬಿಡಿಸಿದರು. ಗಂಟು ವಾಪಸಾಗುವುದರಲ್ಲಿ ಆ ಗಂಟು ಬಂದ ದಿನದ ಬಡ್ಡಿ ದರ ಏನಿರುತ್ತೋ ಯಾರಿಗೂ ತಿಳಿಯದು ಅಂದರು. ಆಗ ಬಡ್ಡಿ ಇಳಿಯುತ್ತಿದ್ದ ಕಾಲ. ಅದು ನಮಗೆ ತಟ್ಟಿತು. ಅಷ್ಟು ಹೊತ್ತಿಗೆ, ಊಟದ ಮೇಲೂ ತೂಕಡಿಸುತ್ತಿದ್ದ ಅಧ್ಯಕ್ಷರಿಗೆ ಎಚ್ಚರವಾಗಿ, ಮೊದಲ ಸಾಲಿಗೆ ಬಂದು ಕೂತಿದ್ದರು.

"ಹಾಗಾದ್ರೆ ಮೂರನೆಯದಕ್ಕೆ ಹಾಕಿ ಅಂತ ಹೇಳಬಹುದಾ ಸರ್?" ಎಂದೆ.

"ಅವರನ್ನ ನೋಡದೆ ನಾನು ಹೇಳಲ್ಲ. ನೀವೂ ಹೇಳಬೇಡಿ. ಇಬ್ಬರನ್ನೂ ಕೂರಿಸಿ ಕೇಳಿ."

ಕೇಳುವುದು ಹೇಗೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ನಾಳೆ ಮಧ್ಯಾಹ್ನದ ಬಸ್ಸಿಗೆ ಹೋಗುವವರು. ನಾಳೆ ಬೆಳಿಗ್ಗೆ ಸನ್ಮಾನ. ಉಳಿದ ಹೊತ್ತು ಅದೊಂದೇ.

ಸಂಜೆ ನಾನು ಅಧ್ಯಕ್ಷರ ಮನೆಗೆ ಹೋದೆ. ಅವರ ಹೆಂಡತಿ ಒಳಗೆ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದರು. ಅದು ನಾಳೆಯ ಸನ್ಮಾನಕ್ಕೆ ಅಂತ ತಿಳಿದು, ಗಾಜನೂರಿನ ನೀರಿನ ಮಾತೆತ್ತಿದೆ. ಅಧ್ಯಕ್ಷರೇ ಕೇಳಿದರು. "ಏನೋ ಹೇಳಕ್ಕೆ ಬಂದಿದೀಯ. ಹೇಳು."

"ಸರ್, ನಾಳೆ ಬೆಳಿಗ್ಗೆ ಆ ಮೇಸ್ತ್ರಿ ದಂಪತಿಯನ್ನ ಕರೆಸಿ ಎಲ್ಲರ ಎದುರಿಗೆ ಕೇಳಿಸೋಣ ಅಂತ. ಮೇಷ್ಟ್ರು ಕೇಳೋದನ್ನ ನಾವೆಲ್ಲ ನೋಡ್ಬೇಕು. ಅದಕ್ಕೆ ಬೆಳಗಿನ ಹೊತ್ತು ಪೂರ್ತಿ ಬೇಕು."

ಅವರು ಕೈಯಲ್ಲಿದ್ದ ಅಡಿಕೆ ಚೂರನ್ನು ಮತ್ತೆ ತಟ್ಟೆಗೆ ಹಾಕಿದರು. ಸನ್ಮಾನ ಬಿಡಬೇಕು ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಶಾಲು ಹೊದಿಸಿದ ಮನುಷ್ಯ. ತನ್ನ ಸರದಿ ಬಂದದ್ದು ಅದೇ ಮೊದಲು.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಶಾಲಿಗೇನು, ಸಾಯಂಕಾಲ ಮನೆಗೆ ತಂದು ಹೊದಿಸಿದ್ರೂ ಬೆಚ್ಚಗೇ ಇರುತ್ತೆ."

ಅಧ್ಯಕ್ಷರು ನಕ್ಕರು. ಪೂರ್ತಿ ನಗೆಯಲ್ಲ. "ಫಂಡಿನವನಿಗೆ ನಾನೇ ಹೇಳ್ತೀನಿ. ನೀನು ಭದ್ರಾವತಿಗೆ ಫೋನು ಮಾಡು" ಎಂದರು.

ಮೇಸ್ತ್ರಿಯ ಕ್ವಾರ್ಟರ್ಸಿನ ಪಕ್ಕದ ದಿನಸಿ ಅಂಗಡಿಗೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಹೇಳಿಕಳಿಸಿದೆ. ಫಂಡ್ ಕಂಪನಿಯ ಮ್ಯಾನೇಜರ್ ಮುನಿಸಿಕೊಂಡ. ತನ್ನ ಒಂದು ಗಂಟೆಯೂ ಹೋಯಿತಲ್ಲ. ಬ್ಯಾನರ್ ಬಿಚ್ಚಿಕೊಂಡು ಹೋದ, ಎರಡನೇ ದಿನದ ಊಟ ತನ್ನದಲ್ಲ ಅಂದ. ಅಧ್ಯಕ್ಷರು ಅಡುಗೆಯವರನ್ನು ಕರೆದು ಹೋಳಿಗೆ ಬೇಡ, ಚಿತ್ರಾನ್ನ ಮಜ್ಜಿಗೆ ಸಾಕು ಅಂದರು.

ಬೆಳಿಗ್ಗೆ ಎಲ್ಲರೂ ಬಂದರು. ಗಾಜನೂರಿಗೆ ಹೋದವರೂ ಸನ್ಮಾನ ನೋಡಲು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ನೋಡಿದರೆ ವೇದಿಕೆಯ ಮೇಲೆ ಮದುಮಕ್ಕಳು ಕೂರುವ ಕೆಂಪು ಕುರ್ಚಿಗಳಲ್ಲಿ ಮೇಸ್ತ್ರಿ ಮತ್ತು ಅವರ ಹೆಂಡತಿ. ಮಂಟಪದಲ್ಲಿ ಕೈಯಿರುವ ಕುರ್ಚಿಗಳು ಅವೆರಡೇ ಇದ್ದವು. ಆಕೆ ಸೆರಗು ಎಳೆದುಕೊಂಡು ಮುದುಡಿ ಕೂತಿದ್ದರು. ಅಧ್ಯಕ್ಷರ ಹೆಂಡತಿ ಅದೇ ರೇಷ್ಮೆ ಸೀರೆಯುಟ್ಟು ಬಂದವರು, ಮೇಲೆ ಹತ್ತಿ ಆಕೆಯ ಪಕ್ಕದಲ್ಲೇ ಒಂದು ಮಡಚುವ ಕುರ್ಚಿ ಹಾಕಿಕೊಂಡು, "ಹೆದರಬೇಡಿ, ಆಷಾಢ ಹೊಸ ಜೋಡಿಗೆ ಮಾತ್ರ" ಎಂದರು. ಆಕೆ ನಕ್ಕರು. ಕೆಳಗಿದ್ದವರೂ ನಕ್ಕರು.

ಮೇಷ್ಟ್ರು ಪಿಂಚಣಿಯ ಮಾತನ್ನೇ ಎತ್ತಲಿಲ್ಲ. ಕ್ವಾರ್ಟರ್ಸ್ ಬಿಟ್ಟ ಮೇಲೆ ಎಲ್ಲಿರ್ತೀರಿ ಎಂದು ಕೇಳಿದರು. ಮಗಳ ಗಂಡ ಏನು ಮಾಡ್ತಾರೆ, ಬಿ.ಪಿ. ಶುಗರ್ ಇದೆಯಾ, ಹೊಲಿಗೆ ಇನ್ನೆಷ್ಟು ವರ್ಷ ಮಾಡಬಲ್ಲಿರಿ, ಕಣ್ಣು ಹೇಗಿದೆ. ಪ್ರತಿ ಪ್ರಶ್ನೆಯನ್ನೂ ಇಬ್ಬರಿಗೂ ಬೇರೆ ಬೇರೆಯಾಗಿ ಕೇಳಿದರು. ಒಬ್ಬರ ಉತ್ತರ ಇನ್ನೊಬ್ಬರು ಹೇಳಲು ಬಂದರೆ ಕೈಯೆತ್ತಿ ತಡೆದರು. ನಾವು ಬರೆದುಕೊಂಡೆವು. ಆಮೇಲೆ ನಮಗೆ ಮಾತಾಡಲು ಬಿಟ್ಟರು.

ತೀರ್ಥಹಳ್ಳಿಯ ಸದಸ್ಯರೊಬ್ಬರು ಗಂಟು ವಾಪಸಾಗುವುದರ ಪರವಾಗಿ ಚೆನ್ನಾಗಿ ವಾದ ಮಾಡಿದರು. ಒಂದು ದಿನ ಈ ಅಮ್ಮನ ಕೈಗೆ ದೊಡ್ಡ ಮೊತ್ತ ಬರುತ್ತಲ್ಲ ಅಂದರು.

ಮೇಸ್ತ್ರಿಯ ಹೆಂಡತಿ ಮೊದಲ ಸಲ ತಲೆಯೆತ್ತಿದರು. "ಗಂಟು ಬಂದ್ರೆ ಅದಕ್ಕೆ ನೂರು ಕೈ ಚಾಚುತ್ತೆ ಸಾರ್. ನಮ್ಮ ತಮ್ಮಂದಿರು ಇದ್ದಾರೆ, ಇವರ ಅಣ್ಣನ ಮಕ್ಕಳು ಇದ್ದಾರೆ. ಇಲ್ಲ ಅನ್ನಕ್ಕೆ ನನಗೆ ಬರಲ್ಲ. ತಿಂಗಳು ತಿಂಗಳು ಅಷ್ಟಷ್ಟೇ ಬಂದ್ರೆ ಸಾಕು."

ಆಗ ಮೇಸ್ತ್ರಿಯ ಮುಖ ಬಿಗಿಯಿತು. "ಅಂದ್ರೆ ನಾನೇ ಮೊದಲು ಹೋಗ್ತೀನಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ರಾ? ಇಷ್ಟು ವರ್ಷ ಬೆಂಕಿ ಮುಂದೆ ನಿಂತಿದ್ದೀನಿ. ಇರೋವಷ್ಟು ದಿನ ನನಗೆ ಕಮ್ಮಿ ಯಾಕೆ ಬರ್ಬೇಕು?" ಎಂದು ಎದ್ದು, ವೇದಿಕೆ ಇಳಿದು ಹೊರಗೆ ಹೋದರು.

ಈ ಕೆಲಸಕ್ಕೆ ಇವರನ್ನು ಕರೆಸಿ ಎಲ್ಲರೆದುರು ನೋಯಿಸಿದೆನಾ ಅನ್ನಿಸಿತು. ಅವರ ಹಿಂದೆ ಹೋಗಲು ಎದ್ದೆ. ಅಧ್ಯಕ್ಷರು ನನ್ನನ್ನು ತಡೆದು ತಾವೇ ಹೋದರು. ಕಿಟಕಿಯಿಂದ ಕಾಣುತ್ತಿತ್ತು. ಜಗಲಿಯಲ್ಲಿ ಇಬ್ಬರೂ ಪಕ್ಕಪಕ್ಕ ನಿಂತು ಮಳೆ ನೋಡುತ್ತಿದ್ದರು. ಅಡುಗೆಯವರು ಚಹಾ ತಂದುಕೊಟ್ಟರು.

ಒಳಗೆ ಅಧ್ಯಕ್ಷರ ಹೆಂಡತಿ ಮೇಷ್ಟ್ರನ್ನು ಕೇಳಿದರು. "ಸರ್, ನಮ್ಮನೆಯವರೂ ಒಂದು ಪಿಂಚಣಿ ಮಾಡಿಸಿಕೊಂಡಿದ್ದಾರೆ. ಅದು ಯಾವ ಬಗೆಯದೋ ನನಗೆ ಗೊತ್ತಿಲ್ಲ. ಗೊತ್ತಿರಬೇಕಲ್ವಾ?"

ಮನೆಯಲ್ಲಿ ಇದನ್ನು ಹೇಳಿರುವವರು ಕೈಯೆತ್ತಿ ಎಂದು ಮೇಷ್ಟ್ರು ನಮಗೆ ಹೇಳಿದರು. ಊರೆಲ್ಲ ಸುತ್ತಿ ಬೇರೆಯವರ ಮನೆಯ ಭವಿಷ್ಯ ಮಾತಾಡುವವರು ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತೆವು.

ಮೇಸ್ತ್ರಿ ವಾಪಸ್ ಬಂದರು. ಅಧ್ಯಕ್ಷರು ಅವರಿಗೆ ಏನು ಹೇಳಿದರು ಅಂತ ಆಮೇಲೆ ಕೇಳಿದೆ. "ನಾನೇನೂ ಹೇಳಲಿಲ್ಲ. ಅವರ ನಕ್ಷತ್ರ ಕೇಳಿದೆ. ನನ್ನದೂ ಅದೇ. ನಮ್ಮಿಬ್ಬರಿಗೂ ಕೋಪ ಜಾಸ್ತಿ ಅಂದೆ" ಎಂದರು.

ಮೇಸ್ತ್ರಿ ಕುರ್ಚಿಯಲ್ಲಿ ಕೂರಲಿಲ್ಲ. ಹೆಂಡತಿಯ ಮುಂದೆ ನಿಂತು ತಮಿಳಿನಲ್ಲಿ ಮೆಲ್ಲಗೆ ಏನೋ ಕೇಳಿದರು. ಆಕೆ ಒಂದೇ ಮಾತು ಹೇಳಿದರು. ಅವರು ನಮ್ಮ ಕಡೆ ತಿರುಗಿ, "ಮೂರನೇದು" ಎಂದರು. "ನಾನಿಲ್ಲದ ಕಾಲ ನೆನೆದ್ರೆ ಭಯ ಆಗುತ್ತಾ ಅಂತ ಕೇಳ್ದೆ. ಆಗುತ್ತೆ ಅಂದಳು. ಮದುವೆಯಾದಾಗಿಂದ ಒಂದು ಸಲಾನೂ ಹೇಳಿರಲಿಲ್ಲ."

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ತಟ್ಟಲಿಲ್ಲ. ಎಲ್ಲರೂ ಚಿತ್ರಾನ್ನಕ್ಕೆ ಎದ್ದೆವು. ಮೇಷ್ಟ್ರು ಬಸ್ಸು ತಪ್ಪಿಸಿಕೊಂಡರು. ಸಾಗರದವರು ಊಟದೆಲೆಯ ಮುಂದೆಯೂ ಅವರನ್ನು ಬಿಡಲಿಲ್ಲ. ಸಂಜೆ ನಾಲ್ಕೈದು ಜನ ಹೋಗಿ ಅಧ್ಯಕ್ಷರಿಗೆ ಮನೆಯಲ್ಲೇ ಶಾಲು ಹೊದಿಸಿದೆವು. ಸಂಘದ ದುಡ್ಡಿನಲ್ಲಿ ಗಾಂಧಿ ಬಜಾರಿನಲ್ಲಿ ಕೊಂಡ ಸಾದಾ ಶಾಲು. ಹೊದಿಸಿಕೊಂಡು ಅವರು ನನಗೆ ಹೇಳಿದ್ದು ಇಷ್ಟು: "ಬರೋ ವರ್ಷಕ್ಕೆ ಆ ಮೇಷ್ಟ್ರನ್ನೇ ಕರೆಸು. ಡೀಸೆಲ್ ಮೊದಲೇ ಹಾಕಿಸು."

ಅಲ್ಲಿಂದ ಮುಂದೆ ಪ್ರತಿ ಆಷಾಢದಲ್ಲೂ ಎರಡು ದಿನ ಪಾಠ ನಡೆಯಿತು. ಪ್ರತಿ ಸಲ ಒಂದು ನಿಜವಾದ ಮನೆಯನ್ನು ಕರೆಸುತ್ತಿದ್ದೆವು. ಜನ ಸ್ವಲ್ಪ ಕಮ್ಮಿಯಾದರು, ಬಂದವರು ಸಂಜೆಯವರೆಗೂ ಉಳಿದರು. ಪುಸ್ತಕದಲ್ಲಿ ಓದಿದ್ದರೆ ಆ ಮೂರು ಬಗೆಯನ್ನು ನಾನು ಒಬ್ಬಳೇ ಕಲಿಯಬಹುದಿತ್ತು. ಕೇಳುವುದು ಹೇಗೆ, ಕೇಳಿ ಸುಮ್ಮನಿರುವುದು ಹೇಗೆ ಅನ್ನುವುದನ್ನು ಇನ್ನೊಬ್ಬರು ಮಾಡುವಾಗ ಪಕ್ಕದಲ್ಲಿ ಕೂತು ನೋಡಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.

ಕೆಲವು ವರ್ಷಗಳ ಮೇಲೆ ಸುದ್ದಿ ಬಂತು. ಮೇಸ್ತ್ರಿಯ ಹೆಂಡತಿ ತೀರಿಕೊಂಡಿದ್ದರು. ವಯಸ್ಸಿನಲ್ಲಿ ಅಷ್ಟು ಚಿಕ್ಕವರು, ಅವರೇ ಮೊದಲು. ನಾನು ಭದ್ರಾವತಿಗೆ ಹೋದೆ. ಬಾಡಿಗೆ ಮನೆ. ಮೇಸ್ತ್ರಿ ಒಬ್ಬರೇ ಇದ್ದರು. ಕೂರಿಸಿ ಕಾಫಿ ಮಾಡಿಕೊಟ್ಟರು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದನ್ನು ಹೇಳಲೇಬೇಕಾಯಿತು. "ಮೇಸ್ತ್ರಿ, ಅವತ್ತು ಮೊದಲನೆಯದಕ್ಕೆ ಹಾಕಿದ್ದರೆ ಇಷ್ಟು ವರ್ಷ ನಿಮಗೆ ತಿಂಗಳು ತಿಂಗಳು ಜಾಸ್ತಿ ಬರ್ತಿತ್ತು. ಈಗ ಅದನ್ನ ಬದಲಾಯಿಸಕ್ಕೂ ಆಗಲ್ಲ."

"ಲೆಕ್ಕ ನನಗೂ ಬರುತ್ತೆ ಮೇಡಂ" ಎಂದರು. ಕೋಪವಿರಲಿಲ್ಲ. "ಅವತ್ತು ಟಿಕ್ ಹಾಕಿ ಬಂದ ದಿನ ಅವಳು ಒಳ್ಳೇ ನಿದ್ದೆ ಮಾಡಿದಳು. ಆಮೇಲೆ ಕಡೇವರೆಗೂ ನಾನಿಲ್ಲದಿದ್ರೆ ಏನು ಗತಿ ಅಂತ ಒಂದು ದಿನಾನೂ ಕೂತು ಯೋಚನೆ ಮಾಡ್ಲಿಲ್ಲ. ಆ ಕಮ್ಮಿ ಬಂದದ್ದಿದೆಯಲ್ಲ, ಅದು ಅದಕ್ಕೆ ಹೋಯ್ತು. ಸಂಬಳದಲ್ಲಿ ಅವಳಿಗೆ ಏನೇನೋ ತಂದುಕೊಟ್ಟಿದ್ದೀನಿ. ಇಷ್ಟು ಬಾಳಿಕೆ ಬಂದಿದ್ದು ಇದೊಂದೇ."

ಕಾಫಿ ಕುಡಿದು ಎದ್ದೆ. ಬಸ್ ಸ್ಟ್ಯಾಂಡಿನವರೆಗೆ ಅವರೂ ಜೊತೆಗೆ ನಡೆದು ಬಂದರು. ಶಿವಮೊಗ್ಗದ ಬಸ್ಸು ಬರುವ ಹೊತ್ತಿಗೆ ಕೇಳಿದರು, "ನಿಮ್ಮ ಪಾಠ ಈ ವರ್ಷ ಯಾವಾಗ? ನಮ್ಮ ಹಳೇ ಶಿಫ್ಟಿನ ಒಬ್ಬ ರಿಟೈರ್ ಆಗ್ತಾ ಇದ್ದಾನೆ. ಮಹಾ ಮೊಂಡ. ಹೆಂಡತಿ ಬೇಡ, ನಾನೊಬ್ಬನೇ ಬರ್ತೀನಿ ಅಂತಾನೆ."

"ಏನು ಹೇಳಿದ್ರಿ?"

"ಒಬ್ಬನೇ ಬರೋದಾದ್ರೆ ನಾನು ಕರ್ಕೊಂಡು ಹೋಗಲ್ಲ ಅಂದೆ" ಎಂದು, ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟರು.